63 ಆಂಪಿಯರ್ ಮೇನ್, 6 ಕಾರು: ವಾಕಡ್‌ನ ಒಂದು ಸೊಸೈಟಿಯಲ್ಲಿ ಮಾಡಿದ ಚಾರ್ಜಿಂಗ್ ಕೆಲಸ

ಪುಣೆಯ ವಾಕಡ್‌ನಲ್ಲಿ ಎರಡು ವಿಂಗ್‌ನ ಸೊಸೈಟಿ, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲಕ್ಕೂ ಒಂದೇ ಕಾಮನ್ ಮೀಟರು. ಮಂಜೂರಾದ ಲೋಡು 40 ಕಿಲೋವ್ಯಾಟ್, ಮೂರು ಫೇಸ್, ಮೇನ್ ಎಂಸಿಸಿಬಿ (ಇಡೀ ಸಂಪರ್ಕದ ಮುಖ್ಯ ಬ್ರೇಕರ್) 63 ಆಂಪಿಯರ್. ಇದೇ ಮೇನ್ ಮೇಲೆ 7.4 ಕಿಲೋವ್ಯಾಟ್‌ನ ಆರು ಚಾರ್ಜರ್ ಕೂರಿಸಬೇಕಿತ್ತು.

ಒಂದು ಚಾರ್ಜರ್ ಸಿಂಗಲ್ ಫೇಸ್‌ನಲ್ಲಿ 32 ಆಂಪಿಯರ್ ಎಳೆಯುತ್ತದೆ. ಫೇಸಿಗೆ ಎರಡರಂತೆ ಹಂಚಿದರೂ 64 ಆಂಪಿಯರ್ ಆಯಿತು. ಅಂದರೆ ಲಿಫ್ಟು, ಪಂಪು ಎಲ್ಲ ನಿಂತಿದ್ದರೂ ಮೇನ್ ಮೀರಿ ಹೋಯಿತು. ಇಂಥ ಕಡೆ ಸೊಸೈಟಿ ಮೀಟಿಂಗ್‌ನಲ್ಲಿ ಮೊದಲು ಬರುವ ಮಾತು, 'ಲೋಡು 85 ಕಿಲೋವ್ಯಾಟ್‌ಗೆ ಏರಿಸಿಬಿಡೋಣ'. ಏರಿಸುವ ಮೊದಲು ಇನ್ನೊಂದು ಲೆಕ್ಕ ಮಾಡಬೇಕು. ಹಿಂಜವಡಿಯ ಐಟಿ ಪಾರ್ಕಿಗೆ ಹೋಗಿ ಬಂದು, ಅಲ್ಲಿ ಇಲ್ಲಿ ಓಡಾಡಿ, ಒಂದು ಕಾರು ದಿನಕ್ಕೆ 35 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 0.15 ಯೂನಿಟ್ ಹಿಡಿದರೆ 5.25 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿ ಸುಮಾರು 6. ಆರು ಕಾರಿಗೆ 36 ಯೂನಿಟ್. ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಫೇಸಿಗೆ 40 ಆಂಪಿಯರ್ ಸಿಕ್ಕರೂ ಏಳು ತಾಸಿನಲ್ಲಿ 190 ಯೂನಿಟ್ ಮೀರಿ ಕೊಡಬಹುದು. ಕರೆಂಟಿಗೆ ಇಲ್ಲಿ ಬರವೇ ಇಲ್ಲ. ಎಲ್ಲರೂ ಸಂಜೆ ಏಳೂವರೆಗೆ ಬಂದು ಒಟ್ಟಿಗೆ ಪ್ಲಗ್ ಹಾಕುವುದೇ ತೊಂದರೆ.

ಹಾಗಾಗಿ ಲೋಡು ಏರಿಸದೆ, ಮೇನ್‌ನಲ್ಲಿ ಆ ಕ್ಷಣಕ್ಕೆ ಎಷ್ಟು ಉಳಿದಿದೆಯೋ ಅಷ್ಟನ್ನೇ ಕಾರುಗಳಿಗೆ ಹಂಚುವ ವ್ಯವಸ್ಥೆ ಕಟ್ಟಿದೆವು. ಹಂಚುವುದು ಸುಲಭದ ಭಾಗ. ಅಳೆಯುವ ಮೀಟರು ಮೌನವಾದಾಗ, ಹಂಚುವ ಕಂಪ್ಯೂಟರ್ ನಿಂತಾಗ, ನೆಟ್‌ವರ್ಕ್ ತಂತಿ ಇಲಿ ಕಡಿದಾಗ ಪ್ರತಿ ಚಾರ್ಜರ್ ತಾನಾಗಿಯೇ ಕೆಳಕ್ಕೆ ಇಳಿಯಬೇಕು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಕಾನೂನಿನ ಮಾತು ಎರಡೇ. ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ಹೇಳಿತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇವಿ ಚಾರ್ಜಿಂಗ್‌ಗೆ ಬೇರೆ ಸಂಪರ್ಕವನ್ನೂ ಕೇಳಬಹುದು. ಬೇರೆ ಸಂಪರ್ಕ ಪಡೆದರೂ ಕೆಳಗಿನ ಕೆಲಸ ಹಾಗೇ ಉಳಿಯುತ್ತದೆ, ಲಿಫ್ಟು-ಪಂಪಿನ ಲೆಕ್ಕ ಮಾತ್ರ ಬಿಟ್ಟುಹೋಗುತ್ತದೆ. ಮಹಾರಾಷ್ಟ್ರದ ವಿದ್ಯುತ್ ವಿತರಣ ಕಂಪನಿ ಮಹಾವಿತರಣದ ಸೀಲ್ ಇರುವ ಯಾವುದನ್ನೂ ಮುಟ್ಟಬಾರದು, ಅವರ ಸಿಟಿಗಳಿಂದ (ತಂತಿಯ ಸುತ್ತ ಕೂತು ಕರೆಂಟು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಒಂದು ಎಳೆಯನ್ನೂ ತೆಗೆದುಕೊಳ್ಳಬಾರದು. ಮೇನ್ ಪ್ಯಾನಲ್‌ನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ನಿಂದಲೇ, ಸಪ್ಲೈ ತೆಗೆದು ಮಾಡಿಸಬೇಕು.

ಆಂಪಿಯರ್‌ಗಳ ಲೆಕ್ಕ

ಕ್ಲ್ಯಾಂಪ್ ಮೀಟರ್ ಹಾಕಿ ಒಂದು ವಾರ ನೋಡಿದ ಮೇಲೆ ಸಿಕ್ಕ ಚಿತ್ರ ಹೀಗಿದೆ. ತಡರಾತ್ರಿ ಫೇಸಿಗೆ 8 ಆಂಪಿಯರ್. ಸಂಜೆ ದೀಪ, ಫ್ಯಾನು, ಕ್ಲಬ್‌ಹೌಸ್ ಸೇರಿ 22. ಏಳೂವರೆ ಎಚ್‌ಪಿ ಪಂಪು ಓಡಿದರೆ ಮೇಲೆ 11. ಲಿಫ್ಟು ಏರುವಾಗ ಇನ್ನೂ 15, ಅದೂ ಇಪ್ಪತ್ತು-ಮೂವತ್ತು ಸೆಕೆಂಡು ಮಾತ್ರ. ಎಲ್ಲ ಒಟ್ಟಿಗೆ ಬಿದ್ದರೆ 48. ಪವರ್ ಫ್ಯಾಕ್ಟರ್ ಬೇರೆ ಬೇರೆ ಇರುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಬರುತ್ತದೆ; ಆದರೂ ನೇರವಾಗಿ ಕೂಡಿಸಿದ ಅಂಕಿಯನ್ನೇ ಹಿಡಿದೆವು.

ತಾಸುಗಟ್ಟಲೆ ನಡೆಯುವ ಲೋಡನ್ನು ಬ್ರೇಕರಿನ 80 ಪ್ರತಿಶತದೊಳಗೆ ಇಡುವುದು ಒಳ್ಳೆಯ ರೂಢಿ. 63ಕ್ಕೆ ಅದು 50. ಸಂಜೆ 22 ಹೋದರೆ ಕಾರುಗಳಿಗೆ 28 ಉಳಿಯಿತು, ಒಂದೊಂದಕ್ಕೆ 14. ಪಂಪು ಶುರುವಾದರೆ 17 ಉಳಿಯಿತು, ಒಂದೊಂದಕ್ಕೆ 8. ಇದಕ್ಕಿಂತ ಬಹಳ ಕೆಳಗೆ ಹೋಗಲು ಆಗದು, ಏಕೆಂದರೆ ಕಾರು ಚಾರ್ಜಿಂಗ್‌ನ ಅಂತರರಾಷ್ಟ್ರೀಯ ಮಾನಕ ಐಇಸಿ 61851ರಲ್ಲಿ ಕಾರಿಗೆ ಹೇಳಬಹುದಾದ ಕನಿಷ್ಠ ಕರೆಂಟು 6 ಆಂಪಿಯರ್. 5 ಆಂಪಿಯರ್ ಎಂಬುದೇ ಇಲ್ಲ. 6 ಕೊಡಬೇಕು, ಇಲ್ಲವೇ ನಿಲ್ಲಿಸಬೇಕು. ಇಬ್ಬರಿಗೂ ಸೇರಿ 12 ಇಲ್ಲದಿದ್ದರೆ ಒಬ್ಬರು ಕಾಯಬೇಕು.

ಈ 6 ಎಂಬ ಅಂಕಿಯೇ ನಮ್ಮ ರಕ್ಷಣೆಯ ಅಡಿಪಾಯವೂ ಆಯಿತು. ನಿಯಂತ್ರಣ ಪೂರ್ತಿ ಸತ್ತುಹೋಗಿ ಆರೂ ಚಾರ್ಜರ್ 6 ಆಂಪಿಯರ್‌ಗೆ ಇಳಿದವು ಎನ್ನಿ: ಫೇಸಿಗೆ 12. ಅದೇ ಹೊತ್ತಿಗೆ ಪಂಪು, ಲಿಫ್ಟು, ದೀಪ ಎಲ್ಲ ಓಡುತ್ತಿದ್ದರೆ 48. ಒಟ್ಟು 60. ಆಗಲೂ 63 ದಾಟಲಿಲ್ಲ. ನಿಮ್ಮ ಸೊಸೈಟಿಯಲ್ಲಿ ಈ ಮೊತ್ತ ಮೇನ್ ದಾಟಿದರೆ ಒಂದೋ ಚಾರ್ಜರ್ ಸಂಖ್ಯೆ ಇಳಿಸಿ, ಇಲ್ಲವೇ ನಿಯಂತ್ರಣ ತಪ್ಪಿದಾಗ 6ರ ಬದಲು ಸೊನ್ನೆಗೆ ಬೀಳುವಂತೆ ಮಾಡಿ. ಸಾಮಾನು ತರುವ ಮೊದಲೇ ಈ ಕೂಡಿಸುವ ಲೆಕ್ಕ ಆಗಬೇಕು.

ತಂತಿ, ಡಿಬಿ, ಬ್ರೇಕರು

ಮೇನ್ ಪ್ಯಾನಲ್‌ನಿಂದ ಬೇಸ್‌ಮೆಂಟಿನ ಇವಿ ಡಿಬಿಗೆ (ಚಾರ್ಜರುಗಳಿಗೆ ತಂತಿ ಕವಲೊಡೆಯುವ ಡಿಸ್ಟ್ರಿಬ್ಯೂಷನ್ ಬೋರ್ಡ್) 35 ಮೀಟರ್: ನಾಲ್ಕು ಕೋರಿನ 16 ಚದರ ಮಿಲಿಮೀಟರ್ ತಾಮ್ರದ ಆರ್ಮರ್ಡ್ ಕೇಬಲ್, ಮೇಲ್ಗಡೆ 50 ಆಂಪಿಯರ್‌ನ ನಾಲ್ಕು ಪೋಲ್ ಎಂಸಿಸಿಬಿ. ಹೀಗಾಗಿ ಇವಿ ಫೀಡರಿಗೆ ತನ್ನದೇ ಮಿತಿ ಬಂತು, 50ರ 80 ಪ್ರತಿಶತ ಅಂದರೆ 40. ನ್ಯೂಟ್ರಲ್ ಕೋರ್ ಫೇಸಿನಷ್ಟೇ ದಪ್ಪ ಇರಲೇಬೇಕು. ಸಿಂಗಲ್ ಫೇಸ್ ಕಾರುಗಳು ಎರಡು ಫೇಸ್‌ನಲ್ಲಿ ಇದ್ದು ಮೂರನೆಯದು ಖಾಲಿ ಇದ್ದಾಗ ನ್ಯೂಟ್ರಲ್‌ನಲ್ಲಿ ಫೇಸಿನಷ್ಟೇ ಕರೆಂಟು ಹರಿಯುತ್ತದೆ. ಮೂರೂವರೆ ಕೋರಿನ ಕೇಬಲ್ ಅಗ್ಗಕ್ಕೆ ಸಿಕ್ಕಿತೆಂದು ಇಲ್ಲಿ ಎಳೆಯಬೇಡಿ.

ಡಿಬಿಯಿಂದ ಚಾರ್ಜರಿಗೆ 25 ಮೀಟರ್‌ವರೆಗೆ 6 ಚದರ ಮಿಲಿಮೀಟರ್, 40 ಮೀಟರ್ ದೂರದ ಎರಡಕ್ಕೆ 10. ಬಿಸಿಯಾದ ತಾಮ್ರಕ್ಕೆ ಮೀಟರಿಗೆ 0.021 ಓಮ್ ಭಾಗಿಸು ಚದರ ಮಿಲಿಮೀಟರ್ ಎಂದು ಹಿಡಿದರೆ, 25 ಮೀಟರ್ ಹೋಗಿ ಬರುವ 6ರ ತಂತಿಯಲ್ಲಿ 32 ಆಂಪಿಯರ್‌ಗೆ 5.6 ವೋಲ್ಟ್ ಇಳಿಯುತ್ತದೆ. 40 ಮೀಟರಿಗೆ 10ರ ತಂತಿಯಲ್ಲಿ 5.4. ಅದೇ 6ರ ತಂತಿಯನ್ನು 60 ಮೀಟರ್ ಎಳೆದರೆ 13 ವೋಲ್ಟ್ ಮೀರುತ್ತದೆ. ಸಂಜೆ ಮೊದಲೇ ವೋಲ್ಟೇಜ್ ಕಡಿಮೆ ಇದ್ದರೆ ಕಾರಿನ ಚಾರ್ಜಿಂಗ್ ನಿಂತು ನಿಂತು ಶುರುವಾಗುತ್ತದೆ.

ಪ್ರತಿ ಚಾರ್ಜರಿಗೂ ಅದರದೇ 40 ಆಂಪಿಯರ್ ಎಂಸಿಬಿ, ಅದರದೇ 30 ಮಿಲಿಆಂಪಿಯರ್ ಟೈಪ್ ಎ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್). ಚಾರ್ಜರ್ ಒಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಗುರುತಿಸುವ ಭಾಗ ಇರಬೇಕು. ಇಲ್ಲದಿದ್ದರೆ ಟೈಪ್ ಬಿ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಟೈಪ್ ಎಸಿ, ಅದು ಇಲ್ಲಿ ಕೆಲಸಕ್ಕೆ ಬಾರದು: ಕಾರಿನ ಚಾರ್ಜರಿನಿಂದ ನಯವಾದ ಡಿಸಿ ಸೋರಿದರೆ ಅದರ ಕಬ್ಬಿಣದ ತಿರುಳು ತುಂಬಿಕೊಂಡು, ನಿಜವಾದ ಸೋರಿಕೆ ಬಂದಾಗ ಕಣ್ಣು ಕಾಣದಂತೆ ಕೂತುಬಿಡುತ್ತದೆ. ಹಳೆಯ ಪ್ಯಾನಲ್‌ಗಳಲ್ಲಿ ಮೇನ್‌ನಲ್ಲೇ ಒಂದು ಟೈಪ್ ಎಸಿ ಆರ್‌ಸಿಸಿಬಿ ಇರುತ್ತದೆ. ಇವಿ ಫೀಡರನ್ನು ಅದರ ಮುಂಚೆಯೇ ಕವಲು ತೆಗೆಯಿರಿ.

ಸಾಕೆಟ್ ನೆಲದಿಂದ 800 ಮಿಲಿಮೀಟರ್‌ಗಿಂತ ಕೆಳಗೆ ಇರಬಾರದು, ಕಾರಿನಿಂದ ಚಾರ್ಜರ್ 5 ಮೀಟರ್ ಒಳಗೆ ಇರಬೇಕು, ಎಕ್ಸ್‌ಟೆನ್ಶನ್ ಬೋರ್ಡ್ ಸಲ್ಲದು. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ಬರುವ ಜಾಗವಾದ್ದರಿಂದ ಚಾರ್ಜರನ್ನು 1.2 ಮೀಟರ್, ಡಿಬಿಯನ್ನು 1.5 ಮೀಟರ್ ಎತ್ತರಕ್ಕೆ ಹಾಕಿದೆವು. ಕೇಬಲ್ ಎಲ್ಲ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಗೆ ಹೋಗುತ್ತವೆ, ಅದಕ್ಕೂ ಮುಂಚೆ ಒಂದು ಸಣ್ಣ ಜೋಲು. ತಂತಿ ಹಿಡಿದು ಇಳಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ.

ಸ್ಕೂಟರುಗಳಿಗೆಂದು 16 ಆಂಪಿಯರ್ ಮೂರು ಪಿನ್ ಸಾಕೆಟ್ ಕೇಳುವವರು ಇರುತ್ತಾರೆ. ಸ್ಕೂಟರಿಗೆ ತೊಂದರೆ ಇಲ್ಲ. ಆದರೆ ಅದೇ ಸಾಕೆಟ್‌ಗೆ ಯಾರಾದರೂ 3.3 ಕಿಲೋವ್ಯಾಟ್ ಕಾರಿನ ಪ್ಲಗ್ ಹಾಕುತ್ತಾರೆ, ಎಂಟು ತಾಸು ಎಡೆಬಿಡದೆ 14-15 ಆಂಪಿಯರ್ ಹರಿಯುತ್ತದೆ. ಒಳಗಿನ ಹಿತ್ತಾಳೆ ಪಟ್ಟಿಯ ಹಿಡಿತ ಸಡಿಲಾಗಿ ಪಿನ್ನಿನ ಸುತ್ತಲ ಪ್ಲಾಸ್ಟಿಕ್ ಕಂದಾಗಿ ಉಬ್ಬುತ್ತದೆ. ಕಾರಿಗೆ ಹಾಕಲೇಬೇಕಾದರೆ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ.

ಜನರೇಟರು ಮತ್ತು ಮುರಿದ ನ್ಯೂಟ್ರಲ್: ಇಲ್ಲಿ ಸಾಫ್ಟ್‌ವೇರ್ ಬೇಡ

ಕರೆಂಟು ಹೋಗಿ ಡೀಸೆಲ್ ಜನರೇಟರು (ಡಿಜಿ) ಶುರುವಾದಾಗ ಕಾರು ಚಾರ್ಜ್ ಆಗಬಾರದು. ಡೀಸೆಲ್ ಸುಟ್ಟು ಕಾರು ತುಂಬಿಸುವುದು ಹೇಗೂ ನಷ್ಟ. ಅದಕ್ಕಿಂತ ಮುಖ್ಯವಾಗಿ ಲಿಫ್ಟಿನಲ್ಲಿ ಇರುವವರಿಗೆ ಆ ಕರೆಂಟು ಬೇಕು. ಡಿಜಿಯ ನ್ಯೂಟ್ರಲ್ ಅರ್ಥ್‌ಗೆ ಕಟ್ಟಿರದಿದ್ದರೆ ಬಹಳಷ್ಟು ಕಾರುಗಳು ಅರ್ಥ್ ದೋಷ ಎಂದು ತಕರಾರು ಮಾಡಿ ನಿಲ್ಲುವುದೂ ಉಂಟು.

ಇದನ್ನು ಪ್ರೋಗ್ರಾಮಿಗೆ ಬಿಡಲಿಲ್ಲ. ಇವಿ ಡಿಬಿಯ ಬಾಯಿಗೆ 63 ಆಂಪಿಯರ್‌ನ ನಾಲ್ಕು ಪೋಲ್ ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟು ಇದ್ದಷ್ಟು ಹೊತ್ತು ಮಾತ್ರ ಸೇರಿಕೊಂಡಿರುವ ಸ್ವಿಚ್) ಹಾಕಿ, ಅದರ 230 ವೋಲ್ಟ್ ಕಾಯಿಲ್‌ಗೆ, ಲೈನ್‌ನಿಂದ ಡಿಜಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್‌ಗಿಂತ ಮುಂಚಿನ ಮಹಾವಿತರಣದ ಬದಿಯಿಂದ ಸಪ್ಲೈ ಕೊಟ್ಟೆವು. ಲೈನ್ ಹೋದ ಕೂಡಲೇ ಕಾಂಟ್ಯಾಕ್ಟರ್ ಬೀಳುತ್ತದೆ, ಡಿಜಿ ಎಷ್ಟು ಓಡಿದರೂ ಡಿಬಿಗೆ ಕರೆಂಟು ಇಲ್ಲ. ಕಾಯಿಲ್ ದಾರಿಯಲ್ಲಿ ಎರಡು ವಸ್ತು: 3 ನಿಮಿಷದ ಆನ್-ಡಿಲೇ ಟೈಮರ್, ಮತ್ತು ನ್ಯೂಟ್ರಲ್ ಸಮೇತ ಮೂರೂ ಫೇಸ್ ನೋಡುವ ವೋಲ್ಟೇಜ್ ರಿಲೇ, 180ಕ್ಕಿಂತ ಕೆಳಗೆ ಅಥವಾ 265ಕ್ಕಿಂತ ಮೇಲೆ ಹೋದರೆ ಬಿಡುವಂತೆ. ಈ ರಿಲೇಗೆ ಹಣ ಉಳಿಸಬೇಡಿ. ಮೇಲೆಲ್ಲೋ ನ್ಯೂಟ್ರಲ್ ಕಿತ್ತರೆ ಕಡಿಮೆ ಲೋಡಿನ ಫೇಸ್‌ನಲ್ಲಿ ವೋಲ್ಟೇಜ್ 400ರ ಹತ್ತಿರ ಏರಬಹುದು. ಆ ಫೇಸ್‌ನಲ್ಲಿರುವುದು ಯಾರದೋ ಕಾರಿನ ಆನ್‌ಬೋರ್ಡ್ ಚಾರ್ಜರ್.

ಒಂದು ಎಚ್ಚರ: ಈ ಡಿಬಿಯಲ್ಲಿ ಈಗ ಎರಡು ಕಡೆಯಿಂದ ಕರೆಂಟು ಬರುತ್ತದೆ. 50ರ ಎಂಸಿಸಿಬಿ ಇಳಿಸಿದರೂ ಕಾಯಿಲ್ ತಂತಿ ಜೀವಂತ. ಆ ತಂತಿಗೆ 2 ಆಂಪಿಯರ್ ಎಂಸಿಬಿ ಬೇರೆ ಕೊಟ್ಟು, ಬಾಗಿಲ ಒಳಮೈಗೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದು ಅಂಟಿಸಿದ್ದೇವೆ.

ಅಳೆಯುವ ಮೀಟರು

ಮೇನ್ ಎಂಸಿಸಿಬಿಯ ಕೆಳಗೆ, ಎಲ್ಲ ಕವಲಿಗಿಂತ ಮೊದಲು, ಮೂರು ಸ್ಪ್ಲಿಟ್-ಕೋರ್ (ದವಡೆ ತೆರೆದು ತಂತಿಗೆ ಹಾಕುವ) ಸಿಟಿ, 100/5, ಅಂದರೆ 100 ಆಂಪಿಯರ್ ಹರಿದರೆ ಮೀಟರಿಗೆ 5 ಕೊಡುವುದು. ಮೀಟರು ಈಸ್ಟ್ರಾನ್ ಎಸ್‌ಡಿಎಂ630ರ ಸಿಟಿ ಮಾದರಿ, ಮಾಡ್‌ಬಸ್ (ಅಂಕಿಗಳನ್ನು ತಂತಿಯ ಮೇಲೆ ಕೇಳಿ ಪಡೆಯುವ ಭಾಷೆ) ಇರುವುದು. ಪಕ್ಕದಲ್ಲೇ ಹಂಚುವ ಕೆಲಸದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ನಡುವೆ ಐಸೊಲೇಶನ್ ಇರುವ ಯುಎಸ್‌ಬಿ-ಆರ್‌ಎಸ್485 ಅಡಾಪ್ಟರ್.

ಕರೆಂಟಿನ ಅಂಕಿಗಳು ಇನ್‌ಪುಟ್ ರಿಜಿಸ್ಟರ್‌ಗಳಲ್ಲಿವೆ, ಫಂಕ್ಷನ್ ಕೋಡ್ 4. ಕೈಪಿಡಿಯಲ್ಲಿ 30007, 30009, 30011 ಎಂದಿದ್ದರೆ ತಂತಿಯ ಮೇಲೆ ಕೇಳಬೇಕಾದ ವಿಳಾಸ 6, 8, 10. ಒಂದೊಂದೂ ಎರಡು ರಿಜಿಸ್ಟರಿನ 32 ಬಿಟ್ ಫ್ಲೋಟ್, ದೊಡ್ಡ ಭಾಗ ಮೊದಲು. ಆರ್‌ಎಸ್485ರ ಎರಡು ತಂತಿಯ ಎ-ಬಿ ಗುರುತು ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಉತ್ತರ ಬರದಿದ್ದರೆ ಮೊದಲು ಎರಡು ತಂತಿ ಅದಲು ಬದಲು ಮಾಡಿ ನೋಡಿ, ಕೆಡುವುದೇನಿಲ್ಲ.

ಸಿಟಿಯಲ್ಲಿ ನಾಲ್ಕು ತಪ್ಪು ಆಗುತ್ತವೆ, ನಾಲ್ಕೂ ಅಪಾಯದವು. ಮೀಟರಿನಲ್ಲಿ ಸಿಟಿ ಅನುಪಾತ 100/5 ಎಂದು ಕೂರಿಸದೆ ಬಿಟ್ಟರೆ 22 ಆಂಪಿಯರ್ 1.1 ಎಂದು ಕಾಣುತ್ತದೆ, ನಿಯಂತ್ರಣಕ್ಕೆ ಮೇನ್ ಖಾಲಿ ಬಿದ್ದಂತೆ ತೋರಿ ಎಲ್ಲ ಕಾರಿಗೂ ಬಾಗಿಲು ತೆರೆಯುತ್ತದೆ. ಎರಡನೆಯದು, ಸ್ಪ್ಲಿಟ್ ಕೋರಿನ ದವಡೆ ಪೂರ್ತಿ ಮುಚ್ಚದಿರುವುದು. ನಡುವೆ ಸಿಮೆಂಟ್ ಧೂಳಿನ ಒಂದು ಕಣ ಇದ್ದರೂ ಓದು ಕಡಿಮೆ ಬರುತ್ತದೆ. ಬಟ್ಟೆಯಿಂದ ಒರೆಸಿ, ಟಕ್ ಎನ್ನುವವರೆಗೆ ಒತ್ತಿ. ಮೂರನೆಯದು, ಲೋಡು ಇರುವಾಗ ಸಿಟಿಯ ಸೆಕೆಂಡರಿ ತಂತಿ ಬಿಚ್ಚುವುದು. ತೆರೆದ ಸೆಕೆಂಡರಿಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ. ಶಾರ್ಟಿಂಗ್ ಕೊಂಡಿ ಇರುವ ಟರ್ಮಿನಲ್ ಹಾಕಿ, ಮೊದಲು ಶಾರ್ಟ್ ಮಾಡಿ ಆಮೇಲೆ ಮೀಟರ್ ಬಿಚ್ಚಿ.

ನಾಲ್ಕನೆಯದು ಫೇಸ್ (ಮೂರಕ್ಕೂ ಆರ್, ವೈ, ಬಿ ಎಂದು ಹೆಸರು) ಅದಲು ಬದಲು. ಇದು ಕಣ್ಣಿಗೆ ಕಾಣುವುದೇ ಇಲ್ಲ, ಏಕೆಂದರೆ ಮೂರೂ ಫೇಸ್‌ನ ಸಾಮಾನ್ಯ ಲೋಡು ಹೆಚ್ಚು ಕಡಿಮೆ ಒಂದೇ. ಪರೀಕ್ಷೆ ಸರಳ: 2 ಕಿಲೋವ್ಯಾಟ್ ಹೀಟರನ್ನು ಡಿಬಿಯಲ್ಲಿ ಒಂದೊಂದೇ ಫೇಸಿಗೆ ಹಚ್ಚಿ, ಅದೇ ಫೇಸ್‌ನಲ್ಲಿ 8.7 ಆಂಪಿಯರ್ ಏರಬೇಕು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ವೈರ್‌ಮನ್ ಕೆಳಗಿನಿಂದ ಫೋನಿನಲ್ಲಿ 'ಸರ, ಆರ್‌ಗೆ ಹಚ್ಚೀನ್ರಿ, ಏರ್ತೇನು?' ಎಂದಾಗ ಪರದೆಯಲ್ಲಿ ಏರಿದ್ದು ವೈ. ಮೇನ್ ಪ್ಯಾನಲ್‌ನಿಂದ ಡಿಬಿವರೆಗಿನ 35 ಮೀಟರ್ ಕೇಬಲ್ಲಿನ ತುದಿಯಲ್ಲಿ ಎರಡು ಕೋರ್ ಅದಲು ಬದಲಾಗಿದ್ದವು. ಸಿಟಿ ಸರಿಯಾಗಿಯೇ ಇತ್ತು. ಈ ಪರೀಕ್ಷೆ ಮಾಡದೆ ಚಾಲೂ ಮಾಡಿದ್ದರೆ ಆರ್ ಫೇಸ್ ತುಂಬಿದಾಗ ವೈನ ಕಾರುಗಳು ನಿಲ್ಲುತ್ತಿದ್ದವು, ಆರ್ ಮಾತ್ರ ಏರುತ್ತಲೇ ಹೋಗುತ್ತಿತ್ತು. ಚಾರ್ಜರ್ 1 ಮತ್ತು 4 ಆರ್, 2 ಮತ್ತು 5 ವೈ, 3 ಮತ್ತು 6 ಬಿ. ಈ ಪಟ್ಟಿ ಪ್ರೋಗ್ರಾಮಿನಲ್ಲೂ ಡಿಬಿ ಬಾಗಿಲಲ್ಲೂ ಒಂದೇ ಇರಬೇಕು.

ಕಾರಿಲ್ಲದೆ ಚಾರ್ಜರ್ ಪರೀಕ್ಷೆ

ಕಾರಿಗೆ ಸಿಕ್ಕಿಸುವ ಟೈಪ್ 2 ಪ್ಲಗ್‌ನ ಕಂಟ್ರೋಲ್ ಪೈಲಟ್ ಪಿನ್ನಿನಲ್ಲಿ ಚಾರ್ಜರ್ 1 ಕಿಲೋಹರ್ಟ್ಸ್ ಚೌಕ ಅಲೆ ಕಳಿಸುತ್ತದೆ. ಅಲೆ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದೇ ಕಾರಿಗೆ ಕೊಟ್ಟ ಅಪ್ಪಣೆ: 85 ಪ್ರತಿಶತದವರೆಗೆ, ಪ್ರತಿಶತ ಗುಣಿಸು 0.6 ಎಂದರೆ ಆಂಪಿಯರ್. 10 ಪ್ರತಿಶತಕ್ಕೆ 6 ಆಂಪಿಯರ್, 26.7ಕ್ಕೆ 16, 53.3ಕ್ಕೆ 32. ಕಾರು ತನ್ನ ಕಡೆಯ ರೆಸಿಸ್ಟರ್‌ನಿಂದ ಉತ್ತರ ಕೊಡುತ್ತದೆ. ಏನೂ ಸಿಕ್ಕಿಸದಿದ್ದಾಗ 12 ವೋಲ್ಟ್, ಕಾರು ಸಿಕ್ಕಿಸಿದಾಗ 9, ಕರೆಂಟು ಬೇಕೆಂದಾಗ 6.

ಇದನ್ನು ಅನುಕರಿಸುವ ಪೆಟ್ಟಿಗೆ ಕಟ್ಟಲು ಒಂದು ಟೈಪ್ 2 ಇನ್‌ಲೆಟ್, 2.74 ಕಿಲೋಓಮ್ ಮತ್ತು 1.3 ಕಿಲೋಓಮ್ ರೆಸಿಸ್ಟರ್, ಒಂದು 1ಎನ್4148 ಡಯೋಡ್, ಒಂದು ಸ್ವಿಚ್ ಸಾಕು. ಪೈಲಟ್‌ನಿಂದ ಡಯೋಡ್ ಮೂಲಕ 2.74 ಕಿಲೋಓಮ್ ಅರ್ಥ್‌ಗೆ. ಸ್ವಿಚ್ ಒತ್ತಿದರೆ 1.3 ಅದಕ್ಕೆ ಪ್ಯಾರಲಲ್. ಡಯೋಡ್ ಮರೆತರೆ ಕೆಳಗಿನ ಅರ್ಧ ಅಲೆಯೂ ಕುಗ್ಗುತ್ತದೆ, ಅದು ಕಾರಲ್ಲ ಎಂದು ಚಾರ್ಜರ್ ಗುರುತಿಸಿ ಕರೆಂಟು ಕೊಡುವುದಿಲ್ಲ. ಚಾರ್ಜರಿನಲ್ಲಿ ತಂತಿಯ ಬದಲು ಸಾಕೆಟ್ ಇದ್ದರೆ ನಡುವಿನ ಕೇಬಲ್ಲಿನ ಪ್ಲಗ್‌ನಲ್ಲಿರುವ ಪ್ರಾಕ್ಸಿಮಿಟಿ ರೆಸಿಸ್ಟರನ್ನೂ ಅದು ನೋಡುತ್ತದೆ, 32 ಆಂಪಿಯರ್ ಕೇಬಲ್ಲಿಗೆ 220 ಓಮ್.

ಪೆಟ್ಟಿಗೆಯ ಔಟ್‌ಪುಟ್‌ಗೆ ಅದೇ 2 ಕಿಲೋವ್ಯಾಟ್ ಹೀಟರ್. ಹೀಟರ್ ಯಾರ ಅಪ್ಪಣೆಗೂ ಬಗ್ಗುವುದಿಲ್ಲ, 8.7 ಆಂಪಿಯರ್ ಎಳೆದೇ ಎಳೆಯುತ್ತದೆ. ಅದರಿಂದಲೇ ಒಂದು ಉಪಯೋಗ. ಚಾರ್ಜರಿಗೆ 6 ಆಂಪಿಯರ್ ಮಿತಿ ಹಾಕಿ ಹೀಟರ್ ಹಚ್ಚಿದರೆ, ಒಳ್ಳೆಯ ಚಾರ್ಜರ್ ಕೆಲವು ಸೆಕೆಂಡಿನಲ್ಲಿ ಓವರ್‌ಕರೆಂಟ್ ದೋಷ ಹೇಳಿ ಕಡಿಯಬೇಕು. ಕಡಿಯದ ಚಾರ್ಜರ್ ಮಾತು ಕೇಳದ ಕಾರನ್ನೂ ತಡೆಯುವುದಿಲ್ಲ. ಖರೀದಿಯ ಮೊದಲು ಮಾದರಿ ತಂದು ಈ ಪರೀಕ್ಷೆ ಮಾಡಿ.

ಹಂಚಿಕೆ ಮತ್ತು ತಾನೇ ಇಳಿಯುವ ಚಾರ್ಜರ್

ಚಾರ್ಜರುಗಳು ಸರ್ವರ್ ಜೊತೆ ಓಸಿಪಿಪಿ 1.6 ಎಂಬ ಭಾಷೆಯಲ್ಲಿ (ಪ್ರೋಟೊಕಾಲ್) ಮಾತನಾಡುತ್ತವೆ. ಬೇಸ್‌ಮೆಂಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ವೈಫೈ ನಂಬುವಂತಿಲ್ಲ. ಪ್ರತಿ ಚಾರ್ಜರಿಗೂ ಬೇರೆ ಪೈಪಿನಲ್ಲಿ ಒಂದು ಕ್ಯಾಟ್6 ತಂತಿ ಎಳೆದು 8 ಪೋರ್ಟಿನ ಸ್ವಿಚ್‌ಗೆ ತಂದೆವು. ಸರ್ವರ್ ಅದೇ ಪೈನಲ್ಲಿ ಪೈಥಾನ್‌ನಲ್ಲಿ ಓಡುತ್ತದೆ. ಹೊರಗಿನ ಇಂಟರ್‌ನೆಟ್ ಇಲ್ಲದೆಯೂ ಹಂಚಿಕೆ ನಡೆಯುತ್ತದೆ.

5 ಸೆಕೆಂಡಿಗೊಮ್ಮೆ ಮೀಟರ್ ಓದು. ಮೀಟರಿನ ಒಟ್ಟು ಕರೆಂಟಿನಲ್ಲಿ ಕಾರುಗಳ ಪಾಲನ್ನು ಕಳೆದರೆ ಸೊಸೈಟಿಯ ಪಾಲು. ಅದನ್ನು 50ರಲ್ಲಿ ಕಳೆ. ಉಳಿದದ್ದು 40 ಮೀರಿದರೆ 40 ಎಂದು ಹಿಡಿ. ಆ ಫೇಸ್‌ನ ಕಾರುಗಳಿಗೆ ಭಾಗಿಸು, ಪೂರ್ಣಾಂಕಕ್ಕೆ ಕೆಳಗೆ ತಗ್ಗಿಸು. ಕಾರುಗಳ ಪಾಲು ಎಂದರೆ ಕೊಟ್ಟ ಅಪ್ಪಣೆಯಲ್ಲ, ಚಾರ್ಜರ್ ವರದಿ ಮಾಡಿದ ನಿಜವಾದ ಕರೆಂಟು. 3.3 ಕಿಲೋವ್ಯಾಟ್‌ನ ಕಾರಿಗೆ 20 ಆಂಪಿಯರ್ ಕೊಟ್ಟರೂ ಅದು ಹದಿನಾಲ್ಕೂವರೆಯೇ ಎಳೆಯುವುದು. ಎರಡು ನಿಮಿಷ ಹಾಗೇ ಇದ್ದರೆ ಅದಕ್ಕೆ 16ಕ್ಕೆ ಇಳಿಸಿ ಮಿಕ್ಕಿದ್ದನ್ನು ಪಕ್ಕದ ಕಾರಿಗೆ ಕೊಡಬೇಕು. ಚಾರ್ಜರಿನ ವರದಿ ಅಂತರವನ್ನು 10 ಸೆಕೆಂಡಿಗೆ ಇಳಿಸುವುದು ಮರೆಯಬೇಡಿ. ಕಾರ್ಖಾನೆಯಿಂದ ನಿಮಿಷಗಟ್ಟಲೆ ಅಂತರ ಇಟ್ಟೇ ಬರುವ ಚಾರ್ಜರುಗಳಿವೆ.

ಮೊದಲ ಆವೃತ್ತಿ ಲಿಫ್ಟು ಏರಿದಾಗೆಲ್ಲ ಕಾರು ನಿಲ್ಲಿಸುತ್ತಿತ್ತು. ಬೇಸ್‌ಮೆಂಟಿನಲ್ಲಿ ಕಾಂಟ್ಯಾಕ್ಟರ್‌ಗಳ ಕಟಕಟ ಸದ್ದು. ಮಾಪನವನ್ನು 60 ಸೆಕೆಂಡಿನ ಸರಾಸರಿಗೆ ಬದಲಿಸಿದ ಮೇಲೆ ಅದು ಹೋಯಿತು. 63ರ ಬ್ರೇಕರ್ ಅರ್ಧ ನಿಮಿಷ 60 ಆಂಪಿಯರ್ ಹೊತ್ತರೆ ಏನೂ ಆಗದು. ಐಇಸಿ 60947-2 ಪ್ರಕಾರ 1.05 ಪಟ್ಟು ಕರೆಂಟಿಗೆ ಅದು ಒಂದು ತಾಸು ಟ್ರಿಪ್ ಆಗಲೇಬಾರದು. ಆದರೆ ಕ್ಷಣದ ಓದು 60 ಮುಟ್ಟಿದರೆ ಸರಾಸರಿ ಕಾಯದೆ ಎಲ್ಲವನ್ನೂ 6ಕ್ಕೆ ಇಳಿಸು. ಇಳಿಯುವುದು ತಕ್ಷಣ, ಏರುವುದು ಎರಡು ನಿಮಿಷ ಜಾಗ ಖಾಲಿ ಇದ್ದ ಮೇಲೆ, 2 ಆಂಪಿಯರ್‌ನ ಮೆಟ್ಟಿಲಲ್ಲಿ. ಅಪ್ಪಣೆ ಬದಲಾದ 5 ಸೆಕೆಂಡಿನೊಳಗೆ ಕಾರು ಹೊಂದಿಕೊಳ್ಳಬೇಕು ಎಂಬುದು ಮಾನಕ, ಹಾಗಾಗಿ ಅದಕ್ಕೂ ಮುಂಚೆ ಮುಂದಿನ ಅಪ್ಪಣೆ ಕಳಿಸುವುದರಲ್ಲಿ ಅರ್ಥವಿಲ್ಲ.

ನಿಲ್ಲಿಸಲೇಬೇಕಾದಾಗ ಸರದಿ 15 ನಿಮಿಷದ್ದು. ಇನ್ನೂ ಚಿಕ್ಕ ಸರದಿ ಹಾಕಿದರೆ ಕೆಲವು ಕಾರು ಪದೇ ಪದೇ ನಿಂತದ್ದನ್ನು ದೋಷ ಎಂದು ತಿಳಿದು ಬೆಳಗಿನವರೆಗೆ ಏಳುವುದಿಲ್ಲ. ತಾಸುಗಟ್ಟಲೆ ನಿಲ್ಲಿಸಿದರೂ ನಿದ್ದೆಗೆ ಜಾರುವ ಕಾರುಗಳಿವೆ.

ಈಗ ತಾನೇ ಇಳಿಯುವ ಭಾಗ. ಪ್ರತಿ ಚಾರ್ಜರಿಗೆ ಎರಡು ಚಾರ್ಜಿಂಗ್ ಪ್ರೊಫೈಲ್ (ಎಷ್ಟು ಹೊತ್ತು ಎಷ್ಟು ಕರೆಂಟು ಎಂಬ ಅಪ್ಪಣೆ), ಎರಡೂ ಟಿಎಕ್ಸ್‌ಡೀಫಾಲ್ಟ್ ಬಗೆಯವು. ಮೇಲಿನ ಲೆವೆಲ್ ಇರುವವರೆಗೆ ಅದೇ ನಡೆಯುತ್ತದೆ, ಮುಗಿದರೆ ಕೆಳಗಿನದು. ಸ್ಟ್ಯಾಕ್ ಲೆವೆಲ್ 0ರಲ್ಲಿ 6 ಆಂಪಿಯರ್, ಅವಧಿ ಇಲ್ಲ, ಎಂದೆಂದಿಗೂ. ಲೆವೆಲ್ 1ರಲ್ಲಿ ಈಗಿನ ಹಂಚಿಕೆ, ಅವಧಿ 120 ಸೆಕೆಂಡು ಮಾತ್ರ. ಸರ್ವರ್ ಪ್ರತಿ 60 ಸೆಕೆಂಡಿಗೆ ಲೆವೆಲ್ 1 ಅನ್ನು ಹೊಸದಾಗಿ ಕಳಿಸುತ್ತದೆ. ಸರ್ವರ್ ಸತ್ತರೆ, ತಂತಿ ಕಿತ್ತರೆ, 120 ಸೆಕೆಂಡಿನೊಳಗೆ ಲೆವೆಲ್ 1 ಮುಗಿದು ಚಾರ್ಜರ್ ತಾನಾಗಿ 6ಕ್ಕೆ ಬೀಳುತ್ತದೆ. ಮೀಟರ್ 30 ಸೆಕೆಂಡು ಉತ್ತರ ಕೊಡದಿದ್ದರೆ ಸರ್ವರ್ ಕೂಡ 6 ಕಳಿಸುತ್ತದೆ. ಹಳೆಯ ಓದನ್ನು ಹಿಡಿದುಕೊಂಡು ಹಂಚುವುದಿಲ್ಲ.

ಇದರಲ್ಲಿ ಎರಡು ಹೊಂಡಗಳಿವೆ. ಪ್ರೊಫೈಲ್‌ನ ಬಗೆಯನ್ನು ರಿಲೇಟಿವ್ ಎಂದು ಹಾಕಿದರೆ ಅವಧಿ ಚಾರ್ಜಿಂಗ್ ಶುರುವಾದ ಗಳಿಗೆಯಿಂದ ಎಣಿಕೆಯಾಗುತ್ತದೆ. ಮೊದಲ ಎರಡು ನಿಮಿಷ ಸರಿ, ಆಮೇಲೆ ಎಷ್ಟು ಸಲ ಹೊಸದು ಕಳಿಸಿದರೂ ಅದು ಆಗಲೇ ಮುಗಿದಿರುತ್ತದೆ, ಕಾರು ರಾತ್ರಿಯಿಡೀ 6ರಲ್ಲೇ. ಆಬ್ಸಲ್ಯೂಟ್ ಎಂದೇ ಹಾಕಿ, ಶುರುವಿನ ಸಮಯ ಕೊಡಿ. ಆ ಸಮಯ ಯುಟಿಸಿ (ವಿಶ್ವ ಪ್ರಮಾಣ ಸಮಯ) ಆಗಿರಬೇಕು. ಭಾರತದ ಸಮಯವನ್ನೇ ಯುಟಿಸಿ ಎಂಬ ಗುರುತು ಹಚ್ಚಿ ಕಳಿಸಿದರೆ ಪ್ರೊಫೈಲ್ ಐದೂವರೆ ತಾಸು ಮುಂದೆ ಶುರುವಾಗಬೇಕಾದದ್ದು ಎಂದು ಚಾರ್ಜರ್ ತಿಳಿಯುತ್ತದೆ.

ಸಮಯದ್ದೇ ಇನ್ನೊಂದು ಮಗ್ಗುಲು: ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದಾಗ ಇಂಟರ್‌ನೆಟ್ ಇಲ್ಲದಿದ್ದರೆ ಅದು ಹಳೆಯ ಹೊತ್ತಿನಲ್ಲೇ ಏಳುತ್ತದೆ. ಚಾರ್ಜರುಗಳು ಸರ್ವರ್ ಹೇಳಿದ ಸಮಯವನ್ನೇ ಹಿಡಿಯುತ್ತವೆ. ಆಮೇಲೆ ಇಂಟರ್‌ನೆಟ್ ಬಂದು ಪೈ ಮಾತ್ರ ಸರಿಯಾದಾಗ ಎರಡೂ ಗಡಿಯಾರ ಬೇರೆಯಾಗುತ್ತವೆ, ಚಾರ್ಜರ್ ಆಗಾಗ ಸರ್ವರ್‌ಗೆ ಕಳಿಸಿ ಸಮಯ ಪಡೆಯುವ ಹಾರ್ಟ್‌ಬೀಟ್ ಸಂದೇಶ ಮುಂದೆ ಬರುವವರೆಗೆ ಎಲ್ಲ ಅಸ್ತವ್ಯಸ್ತ. ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿದರೆ ಮುಗಿಯಿತು. ಕರೆಂಟು ಬಂದ ಮೇಲೆ ಆರೂ ಕಾರು ಒಟ್ಟಿಗೆ ಏಳದಂತೆ, ಒಂದೊಂದಕ್ಕೆ 0ರಿಂದ 600 ಸೆಕೆಂಡಿನ ನಡುವೆ ಎತ್ತಿಕೊಂಡ ಯಾದೃಚ್ಛಿಕ ತಡ. ಇಡೀ ಬಡಾವಣೆಗೆ ಲೈನ್ ಬಂದ ಆ ಗಳಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಮೇಲೆ ಆಗಲೇ ಎಲ್ಲರ ಫ್ರಿಜ್, ಎಸಿ ಬಿದ್ದಿರುತ್ತದೆ.

ಚಾಲೂ ಮಾಡಿದ ಮೇಲೆ

ಒಂದು ತಿಂಗಳಿಗೆ ಎಲ್ಲ ಟರ್ಮಿನಲ್ ಮತ್ತೆ ಬಿಗಿ ಮಾಡಬೇಕು, ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ, ಬ್ರೇಕರಿನ ಮೈಮೇಲೆ ಬರೆದ ಅಂಕಿಗೆ. ಪ್ರತಿ ರಾತ್ರಿ ಬಿಸಿಯಾಗಿ ಬೆಳಗ್ಗೆ ತಣಿಯುವ ತಾಮ್ರ ಹಿಗ್ಗಿ ಕುಗ್ಗಿ ಸ್ಕ್ರೂ ಸಡಿಲಿಸುತ್ತದೆ. ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದರೆ ಕಾರುಗಳು ಅರ್ಧ ತಾಸು ಎಳೆದ ಮೇಲೆ ನೋಡಿ. ಒಂದೇ ಕರೆಂಟು ಹೊತ್ತ ಮೂರು ಲಗ್‌ಗಳಲ್ಲಿ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಒಂದು ಮಾತ್ರ ಹತ್ತು ಡಿಗ್ರಿ ಹೆಚ್ಚಿದ್ದರೆ ಅದನ್ನು ಬಿಚ್ಚಿ. ನಮಗೆ ಸಿಕ್ಕಿದ್ದು ವೈ ಫೇಸ್‌ನ ಫೀಡರ್ ಲಗ್: 16ರ ತಂತಿಗೆ 25ರ ಲಗ್ ಹಾಕಿ, ಖಾಲಿ ಜಾಗಕ್ಕೆ ತಾಮ್ರದ ಎಳೆ ತುರುಕಿ, ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದರು. ಮೇಲಿನ ಹಳದಿ ಸ್ಲೀವ್ ಎರಡು ಸೆಂಟಿಮೀಟರ್‌ವರೆಗೆ ಕಂದಾಗಿತ್ತು, ಬಾಗಿಲು ತೆರೆದರೆ ಸುಟ್ಟ ಮೀನಿನಂಥ ವಾಸನೆ. ಸುಟ್ಟ ತುದಿ ಕತ್ತರಿಸಿ, 16ರದೇ ಲಗ್ ಹಾಕಿ, ಷಟ್ಕೋನ ಡೈಯಲ್ಲಿ ಕ್ರಿಂಪ್ ಮಾಡಿದ ಮೇಲೆ ಮೂರೂ ಒಂದೇ ಬಣ್ಣಕ್ಕೆ ಬಂದವು. ಸೊಸೈಟಿಗಳಲ್ಲಿ ಇವಿ ಬೆಂಕಿ ಎಂದು ಹೆಸರು ಬರುವುದು ಕಾರಿಗೆ. ಇಂಥ ಒಂದು ಲಗ್‌ನಿಂದಲೂ ಅದು ಶುರುವಾಗಬಹುದು.

ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಮೂರು ತಿಂಗಳಿಗೊಮ್ಮೆ. ಅದೇ ದಿನ ಇನ್ನೊಂದು ಪರೀಕ್ಷೆ: ಕಾರುಗಳು ಎಳೆಯುತ್ತಿರುವಾಗ ಪೈನ ಪವರ್ ಕಿತ್ತು ಗಡಿಯಾರ ನೋಡಿ. ಎರಡು ನಿಮಿಷದೊಳಗೆ ಇವಿ ಫೀಡರಿನ ಮೇಲೆ ಕ್ಲ್ಯಾಂಪ್ ಮೀಟರ್ ಫೇಸಿಗೆ 12 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಚಾರ್ಜರಿನ ಫರ್ಮ್‌ವೇರ್ ಬದಲಾದಾಗಲೂ ಇದನ್ನು ಮತ್ತೆ ಮಾಡಿ; ಒಂದು ಅಪ್‌ಡೇಟ್ ಆದಮೇಲೆ ಚಾರ್ಜರ್ 5 ಲೆವೆಲ್ 0ರ ಪ್ರೊಫೈಲನ್ನೇ ಮರೆತು 32ಕ್ಕೆ ಏರಿತ್ತು. ಈಗ ಚಾರ್ಜರ್ ಮರುಚಾಲೂ ಆದ ಸುದ್ದಿ ಬಂದ ಕೂಡಲೇ ಸರ್ವರ್ ಎರಡೂ ಪ್ರೊಫೈಲ್ ಮತ್ತೆ ಬರೆಯುತ್ತದೆ, ಜೊತೆಗೆ ಚಾರ್ಜರಿನ ಒಳಗಿನ ಗರಿಷ್ಠ ಮಿತಿಯನ್ನೇ 20ಕ್ಕೆ ಇಳಿಸಿದ್ದೇವೆ. ಎರಡು ಸೇರಿ 40, ಫೀಡರಿಗೆ ಅದೇ ಮಿತಿ.

ಪೈನ ಮೆಮೊರಿ ಕಾರ್ಡ್ ಕರೆಂಟು ಹೋಗಿ ಬರುವುದರಲ್ಲಿ ಕೆಡುತ್ತದೆ. ಕಾರ್ಡನ್ನು ಓದಲು-ಮಾತ್ರ ಸ್ಥಿತಿಯಲ್ಲಿ ಇಟ್ಟಿದ್ದೇವೆ. ಅದರದೇ ನಕಲು ಮಾಡಿದ ಇನ್ನೊಂದು ಕಾರ್ಡ್, ತಾರೀಖು ಬರೆದ ಕವರಿನಲ್ಲಿ, ಪ್ಯಾನಲ್ ಬಾಗಿಲ ಒಳಗೆ ಅಂಟಿಸಿದೆ. ವಾಚ್‌ಮನ್ ಕೂಡ ಬದಲಿಸಬಹುದು: ಪೈನ ಪ್ಲಗ್ ತೆಗೆ, ಕಾರ್ಡ್ ಬದಲಿಸು, ಪ್ಲಗ್ ಹಾಕು. ಅಲ್ಲಿಯವರೆಗೆ ಕಾರುಗಳು 6ರಲ್ಲಿ ನಿಧಾನವಾಗಿ ತುಂಬುತ್ತಿರುತ್ತವೆ.